ಮೂರನೇ ಹೂವು ದಾಟಿ

ಗೋಕುಲಂ ಮೂರನೇ ಹಂತ, ಕಾಂಟೂರ್ ರಸ್ತೆ ತಿರುವಲ್ಲಿ
ನನ್ನ ಎಳನೀರು ಗಾಡಿ. ಮದ್ದೂರಿನ ಕಾಯಿ.
ಯೋಗ ಮುಗಿಸಿದ ಬೆವರಿನ ಬೆನ್ನುಗಳು
ಚಾಪೆ ಸುತ್ತಿಕೊಂಡು ಬರ್ತವೆ, ಯಾವ್ಯಾವುದೋ ದೇಶದವು.

ತೈನಾ ಮೊದಲ ದಿನವೇ ಕಾಯಿ ತಟ್ಟಿದ್ಲು,
ಕಿವಿಗಿಟ್ಟು ಅಲ್ಲಾಡಿಸಿದ್ಲು.
ಇವಳಿಗೆ ಕಾಯಿ ಗೊತ್ತು ಕಣಪ್ಪ, ಅಂದ್ಕೊಂಡೆ.
ಕುಡಿದು, ಬುರುಡೆ ಮತ್ತೆ ನನ್ನ ಮುಂದೆ ಚಾಚಿ
"ಗಂಜಿ" ಅಂದ್ಲು. ಯಾರು ಕಲಿಸಿದ್ರೋ.

ಬ್ರೆಜಿಲ್ಲಂತೆ. ಕಡಲ ದಂಡೆಯ ದೊಡ್ಡೂರಂತೆ, ಫೊರ್ತಲೇಜಾ.
ನಾನೆಲ್ಲಿ ಕಡಲು ನೋಡಿದೀನಿ?
ಕನ್ನಂಬಾಡಿ ತುಂಬಿದ ವರ್ಷ ಕಟ್ಟೆ ಮೇಲೆ ನಿಂತಿದ್ದೆ, ಅಷ್ಟೇ.

ದೇವರಾಜ ಮಾರ್ಕೆಟ್ಟಿಗೆ ದಾರಿ ಕೇಳಿದ್ಲು, ಹೇಳ್ದೆ:
ಟಾಕೀಸ್ ಇತ್ತಲ್ಲ, ಅಲ್ಲಿ ಇಳಿ.
ಸೋಡಾ ಅಂಗಡಿ ಇತ್ತಲ್ಲ, ಅಲ್ಲಿ ಬಲಕ್ಕೆ.
ಹುಣಿಸೆಮರ ಇತ್ತಲ್ಲ, ಅದರ ಎದುರಿಗೇ.
ಸಂಜೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ್ಲು, ಮುಖವೆಲ್ಲ ಕೆಂಪು:
"ಶೆನ್ನಾಜಮಾ, ಟಾಕೀಸ್ ಇಲ್ಲ, ಸೋಡಾ ಇಲ್ಲ, ಮರ ಇಲ್ಲ.
ಇಲ್ಲದ್ದರ ಹತ್ರ ಹೇಗೆ ತಿರುಗೋದು?"
ಚೆನ್ನಾಜಮ್ಮ ಕಣೇ, ಅಂದೆ. ಬೇರೆ ಉತ್ತರ ಇರಲಿಲ್ಲ.

ಮಾರನೇ ದಿನ ಸೇಡು ತೀರಿಸಿಕೊಂಡ್ಲು.
ಎಳನೀರಲ್ಲಿ ಬೆರಳದ್ದಿ ಗಾಡಿಯ ಹಲಗೆ ಮೇಲೆ
ಅವಳ ಊರು ಬರೆದ್ಲು. ಈ ಉದ್ದ ಗೀಟು ಕಡಲು.
ಅವರಲ್ಲಿ ಬೀದಿಗೆ "ಹೂವಾ" ಅಂತಾರೆ,
ನನ್ನ ಕಿವಿಗೆ ಬಿದ್ದದ್ದು ಹಾಗೆ.
ಮೂರನೇ ಹೂವು ದಾಟು, ನಾಕನೇ ಹೂವಲ್ಲಿ ಬಸ್ಸು ಹತ್ತು,
ಹೂವು ಮುಗಿಯೋ ಕಡೆ ಇಳಿ.
ಬಿಸಿಲು ಏರಿತು, ಊರು ಆರಿಹೋಯ್ತು.
ಬೆಳಗಾದ್ರೆ ಮತ್ತೆ ಬರೀತಿದ್ಲು.

ಹನ್ನೊಂದು ವಾರ.
ಶೂ ಬೇಡ, ಹವಾಯಿ ಚಪ್ಪಲಿ ಸಾಕು. ಚೀಲ ಬೇಡ,
ಬಸ್ಸಿನ ಕಾಸು ಮಡಚಿ ಮುಷ್ಟೀಲಿ ಹಿಡ್ಕೊ.
ಮರಗೆಣಸಿನ ಹಿಟ್ಟಿನ ದೋಸೆ ಬೀದೀಲೇ ತಿನ್ನು, ಕೂತ್ಕೊಂಡ್ರೆ ದುಡ್ಡು ಜಾಸ್ತಿ.
ಗುರುವಾರ ಮಾತ್ರ ಏಡಿ. ಕುಟ್ಟಿ ತಿನ್ನೋಕೆ ಮರದ ಸುತ್ತಿಗೆ ಕೊಡ್ತಾರಂತೆ.
ನಾವೂ ಗದ್ದೆ ಬದುವಲ್ಲಿ ಏಡಿ ಹಿಡಿದವರೇ ಕಣೇ,
ಸುತ್ತಿಗೆ ಯಾಕೆ? ನಿಮ್ಮೋರಿಗೆ ಹಲ್ಲಿಲ್ವಾ?

ಮತ್ತೆ ಜೆಫಾ. ಮೂರನೇ ಹೂವಿನ ಮೂಲೆ, ಬಾದಾಮಿ ಮರದ ಬುಡ,
ನೀಲಿ ಗೂಡಂಗಡಿ. ಅವಳೂ ಕಾಯಿ ಮಾರೋಳೇ,
ಆದ್ರೆ ಐಸಲ್ಲಿ ಹೂತಿಡ್ತಾಳೆ.
ಶೀತ ಆಗಲ್ವಾ ಅಂತ ನಾನು ಜಗಳ ತೆಗೆದೆ,
ಕಾಣದ ಹೆಂಗಸಿನ ಮೇಲೆ.

ಎಲ್ಲ ಸರಿ, ಕಡಲು ಯಾವಾಗ ನೋಡೋದು?
"ಬೆನ್ನು ಮಾಡಿ ಕೂತ್ಕೋ," ಅಂದ್ಲು.
"ನೋಡ್ತಾ ನಿಂತ್ರೆ ಹೊರಗಿನವಳು ಅಂತ ಗೊತ್ತಾಗುತ್ತೆ."
ಅದು ಮಾತ್ರ ತಟ್ಟನೆ ತಿಳೀತು.
ಅರಮನೆ ದೀಪ ಹತ್ತಿದಾಗ ಜನ ಹೋ ಅಂತಾರೆ,
ನಾನು ಆ ಬೆಳಕಲ್ಲಿ ಚಿಲ್ಲರೆ ಎಣಿಸ್ತೀನಿ.

ಹೋಗೋ ಹಿಂದಿನ ದಿನ, ಹೊಸದಾಗಿ ಬಂದ ಹುಡುಗನೊಬ್ಬನಿಗೆ
ಕೈ ಬೀಸಿ ದಾರಿ ಹೇಳ್ತಿದ್ಲು:
"ಟಾಕೀಸ್ ಇತ್ತಲ್ಲ..."
ನನ್ನ ಕಡೆ ತಿರುಗಲೇ ಇಲ್ಲ ಕಳ್ಳಿ.

ಮೇಟಗಳ್ಳಿ ಮನೇಲಿ ಸೊಳ್ಳೆಗೆ ನಿದ್ದೆ ಹತ್ತದ ರಾತ್ರಿ
ನಾನು ಎರಡನೇ ಹೂವಿಂದ ನಡೀತೀನಿ.
ಗಾಳಿ ಸೆರಗು ಎಳೆಯುತ್ತೆ, ಅಲ್ಲಿ ಯಾವಾಗಲೂ ಗಾಳಿಯಂತೆ.
ಜೆಫಾ ತಲೆ ಆಡಿಸ್ತಾಳೆ.
ಕಾಸು ಕೇಳಲ್ಲ, ಒಂದೇ ಕಸುಬಿನೋರಲ್ವಾ.

ಈ ಸಲದ ಛಳಿಗಾಲ, ಭುಜದ ಮೇಲೆ ಮೀನಿನ ಹಚ್ಚೆ ಹಾಕಿದ ಒಬ್ಬ.
ಅದೇ ಊರು! ಅರ್ಧ ಮಾತು, ಅರ್ಧ ಕೈಯಲ್ಲಿ ಕೇಳ್ದೆ:
ಮೂರನೇ ಹೂವು? ನೀಲಿ ಅಂಗಡಿ? ಜೆಫಾ?
ಹುಬ್ಬು ಗಂಟಿಕ್ಕಿ ನೆನೆಸ್ಕೊಂಡ.
"ಓ, ಅದಾ. ತೆಗೆದ್ರು. ಫುಟ್‌ಪಾತ್ ಅಗಲ ಮಾಡಿದ್ರು. ಮರವೂ ಇಲ್ಲ."

ಮಚ್ಚು ಕಾಯಲ್ಲೇ ಕಚ್ಕೊಂಡು ನಿಂತ್ಹೋಯ್ತು.
ಅವಳೆಲ್ಲಿ ಹೋದ್ಲು ಅಂತ ಕೇಳೋಕೆ ಕೈಗೆ ಸನ್ನೆ ಸಿಗಲಿಲ್ಲ.
ಕೆತ್ತಿ ಕೊಟ್ಟೆ. ಅವನು ಕುಡೀತಿದ್ದ.
ಚೆಲ್ಲಿದ ನೀರಲ್ಲಿ ಬೆರಳದ್ದಿ ಗೀಟು ಎಳೆದೆ, ಕಡಲ ಉದ್ದಕ್ಕೆ:
ಜೆಫಾ ಅಂಗಡಿ ಇತ್ತಲ್ಲ,
ಅಲ್ಲಿಂದ ಎಡಕ್ಕೆ.